ಇಪ್ಪತ್ತನಾಲ್ಕನೆಯ ದಿನ

ಮೂಡಲಗಿಯ ಆರೆಕರೆ ಹೊಲದ ಉತಾರ, ಕಬ್ಬಿನ ಬಿಲ್ಲುಗಳು, ಹುಕ್ಕೇರಿಯ ಪತ್ತಿನ ಸಹಕಾರಿ ಸಂಘದ ಠೇವಣಿ ಪಾವತಿಗಳು, ಇವೆಲ್ಲವನ್ನೂ ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಗೋಕಾಕಿನ ವೀಸಾ ಸಲಹಾಗಾರನ ಮೇಜಿನ ಮೇಲಿಟ್ಟಾಗ, ಮಗಳನ್ನು ಇಂಗ್ಲೆಂಡಿನಲ್ಲಿ ಓದಿಸುವ ಸಾಮರ್ಥ್ಯ ನನಗುಂಟೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಡವೆಂದೇ ನಾನು ಭಾವಿಸಿದ್ದೆನು. ಆ ತರುಣನು ಗಂಟನ್ನು ಬಿಚ್ಚಿ ನೋಡಿ, ವಿನಯದಿಂದಲೇ ಅದನ್ನು ನನ್ನೆಡೆಗೆ ಸರಿಸಿದನು. ಭೂಮಿಯ ಬೆಲೆ ಅಲ್ಲಿ ಗಣನೆಗೆ ಬಾರದು. 1959ರ ಸಹಕಾರ ಸಂಘಗಳ ಕಾಯಿದೆಯಂತೆ ನಡೆಯುವ ಪತ್ತಿನ ಸಂಘವು ನಮ್ಮ ಪಾಲಿಗೆ ಬ್ಯಾಂಕೇ ಆಗಿದ್ದರೂ ರಿಸರ್ವ್ ಬ್ಯಾಂಕಿನ ಪರವಾನಗಿಯುಳ್ಳ ಬ್ಯಾಂಕಲ್ಲವಾದುದರಿಂದ ಅದರ ಪಾವತಿಯನ್ನು ನಂಬಿ ಅರ್ಜಿ ಹಾಕುವುದು ಅಪಾಯಕರ. ಲಂಡನ್ನಿನ ಹೊರಗೆ ಓದುವವರಿಗೆ 2025ರ ಆ ಬೇಸಗೆಯಲ್ಲಿದ್ದ ನಿಯಮದಂತೆ ತಿಂಗಳಿಗೆ 1,136 ಪೌಂಡಿನಂತೆ 9 ತಿಂಗಳ ಜೀವನವೆಚ್ಚ 10,224 ಪೌಂಡು, ಅದರ ಮೇಲೆ ಮೊದಲ ವರ್ಷದ ಬಾಕಿ ಶುಲ್ಕ, ಎರಡೂ ಸೇರಿದ ಮೊತ್ತವು ಖಾತೆಯಲ್ಲಿ ಅವಿಚ್ಛಿನ್ನವಾಗಿ 28 ದಿನ ನಿಂತಿರಬೇಕು.

ಹುಕ್ಕೇರಿಯ ಠೇವಣಿಯನ್ನು ಬಿಡಿಸುವುದರಲ್ಲಿಯೇ ಒಂದು ತಿಂಗಳು ಕಳೆಯಿತು. ಸಂಘದಲ್ಲಿ ಸಂಚಾಲಕನಾಗಿರುವ ನನ್ನ ಹೆಂಡತಿಯ ತಮ್ಮನು “ಮುದ್ದತ್ತು ಮುಗಿಯೂ ಮೊದಲ ತಗದ್ರ ಬಡ್ಡಿ ಹೋಗತೈತ್ರಿ ಮಾಮಾ” ಎಂದು ವಾರವಾರವೂ ಮುಂದೂಡಿದನು. ಅವನ ಅಕ್ಕನ ಮಗಳ ಭವಿಷ್ಯಕ್ಕಿಂತ ಸಂಘದ ತಿಜೋರಿಯೇ ಅವನಿಗೆ ಹತ್ತಿರವಾಯಿತೆಂಬ ನೋವು ನನ್ನಲ್ಲಿ ಇನ್ನೂ ಆರಿಲ್ಲ.

ಆದರೆ ಅದಕ್ಕಿಂತ ದೊಡ್ಡ ಅಪರಾಧವು ನನ್ನದು. “ಅಪ್ಪಾ, ಇದಕ್ಕಂತ ಬ್ಯಾರೆ ಖಾತೆ ತಗಿಯೋಣು” ಎಂದು ಮಗಳು ಎರಡು ಸಲ ಹೇಳಿದ್ದಳು. ಶಿಕ್ಷಕನಾಗಿ 31 ವರ್ಷ ಸಂಬಳ ಪಡೆದ ಖಾತೆಯಿರುವಾಗ ಇನ್ನೊಂದೇಕೆಂದು ನಾನು ಹಠ ಹಿಡಿದೆನು. ಜೂನ್ 2ರಂದು ಮೊತ್ತವು ಪೂರ್ಣವಾಯಿತು, ಎಣಿಕೆ ಮೊದಲಾಯಿತು. ಇಪ್ಪತ್ತನಾಲ್ಕನೆಯ ದಿನ, ಜೂನ್ 25ರ ಮಧ್ಯಾಹ್ನ, ಮಳೆಯಲ್ಲಿ ನೆನೆಯುತ್ತ ಬದುವಿನ ಮೇಲೆ ನಿಂತಿದ್ದಾಗ ನನ್ನ ಫೋನಿಗೆ ಸಂದೇಶವೊಂದು ಬಂದಿತು: ಟ್ರ್ಯಾಕ್ಟರ್ ಸಾಲದ ಅರ್ಧವಾರ್ಷಿಕ ಕಂತು ಆ ಖಾತೆಯಿಂದಲೇ ತಾನಾಗಿ ಕಡಿತವಾಗಿತ್ತು. ಮರುದಿನ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು ಅಷ್ಟನ್ನೂ ತುಂಬಿದೆನು. “ತುಂಬೀರಲ್ಲ ಸರ್, ಏನಾಗಂಗಿಲ್ಲ ಬಿಡ್ರಿ” ಎಂದು ಅಧಿಕಾರಿಯು ಅಂದುದು ನನಗೆ ಪ್ರಿಯವಾಗಿ ಕೇಳಿಸಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಜೂನ್ 30ರಂದು ಸ್ಟೇಟ್‌ಮೆಂಟ್ ತಂದು ಮಗಳ ಕೈಗಿತ್ತೆನು. ಪಡಸಾಲೆಯಲ್ಲಿ ಕುಳಿತು ಅವಳು ಸಾಲುಸಾಲಾಗಿ ಬೆರಳಿಟ್ಟು ಇಳಿದುಬಂದಳು. 25ರ ಸಾಲಿನಲ್ಲಿ ಬೆರಳು ನಿಂತಿತು. ತಪ್ಪಿ ಓದಿರಬಹುದೆಂಬಂತೆ ಮೇಲಿನಿಂದ ಮತ್ತೆ ಬಂದಳು. ಮತ್ತೆ ಅಲ್ಲಿಯೇ ನಿಂತಿತು. ಕೊರತೆಯು ಒಂದೇ ದಿನದ್ದು, ಅದೂ ಕೇವಲ ಒಂಬತ್ತು ಸಾವಿರದ್ದು. “ನಿಮಗ ಗೊತ್ತಿತ್ತೇನ್ರಿ ಅಪ್ಪಾ?” ಎಂದು ಕೇಳಿದಳು. ಮೂವತ್ತೊಂದು ವರ್ಷ ಮಕ್ಕಳಿಗೆ ಸತ್ಯವನ್ನು ಹೇಳಿರೆಂದು ಬೋಧಿಸಿದ ನನಗೆ ಆ ಪ್ರಶ್ನೆಗೆ ಉತ್ತರ ಕೊಡಲು ನಾಲಗೆ ಏಳಲಿಲ್ಲ. ಅವಳು ಅಳಲಿಲ್ಲ, ಗದರಲಿಲ್ಲ. ಪೆನ್ಸಿಲಿನಿಂದ ಆ ಸಾಲಿನ ಕೆಳಗೆ ಗೆರೆಯೆಳೆದು, ಅಂಚಿನಲ್ಲಿ 26ರ ಎದುರಿಗೆ ಒಂದು ಎಂದು ಬರೆದು, ಒಳಗೆ ಹೋದಳು. ಒಳಗಿನಿಂದ ನನ್ನ ಹೆಂಡತಿ ಏನಾಯಿತೆಂದು ಕೇಳುತ್ತಲೇ ಇದ್ದಳು.

ಮಕ್ಕಳನ್ನು ಕಳುಹಬೇಕೆಂದಿರುವವರು ಯಾವ ಕಂತೂ ಅಂಟಿಕೊಂಡಿರದ ಪ್ರತ್ಯೇಕ ಖಾತೆಯನ್ನು ತೆರೆಯಿರಿ. ಪೌಂಡಿನ ದರ ಏರುವುದರಿಂದ ಬೇಕಾದುದಕ್ಕಿಂತ ಲಕ್ಷ ಎರಡು ಲಕ್ಷ ಹೆಚ್ಚಿಗೆ ಇಡಿರಿ. ಸ್ಟೇಟ್‌ಮೆಂಟಿನ ಕೊನೆಯ ದಿನದಿಂದ 31 ದಿನದೊಳಗೆ ಅರ್ಜಿ ಸಲ್ಲಿಸಿರಿ. ಹಣ ತಂದೆತಾಯಿಯ ಖಾತೆಯಲ್ಲಿದ್ದರೆ ಜನ್ಮಪ್ರಮಾಣಪತ್ರವೂ ಸಮ್ಮತಿಪತ್ರವೂ ಬೇಕು. ಮಗಳು ಹುಟ್ಟಿದ್ದು ತಾಯಿಯ ತವರಿನಲ್ಲಾದುದರಿಂದ ಅದಕ್ಕಾಗಿಯೂ ನಾನು ಹುಕ್ಕೇರಿಗೆ ಅಲೆದೆನು.

ಮುಂದಿನ ದಿನಗಳಲ್ಲಿ ನಾನು ಖಾತೆಯಿಂದ ಬಿಡಿಗಾಸನ್ನೂ ತೆಗೆಯಲಿಲ್ಲ. ಗೊಬ್ಬರವನ್ನೂ ಉದ್ರಿ ತಂದೆನು. ಮಗಳು ಪ್ರತಿ ಸಂಜೆ ಶಿಲ್ಕು ನೋಡಿ ಅಂಚಿನಲ್ಲಿ ಒಂದು ಅಂಕೆ ಬರೆಯುತ್ತಿದ್ದಳು, ನನ್ನೊಡನೆ ಆ ವಿಷಯವಾಗಿ ಮಾತನಾಡುತ್ತಿರಲಿಲ್ಲ. ಜುಲೈ 23ರಂದು ಇಪ್ಪತ್ತೆಂಟು ಎಂದು ಬರೆದು, ಕಾಗದವನ್ನು ನನ್ನ ಕೈಗೆ ಕೊಟ್ಟು, “ಆತ್ರಿ ಅಪ್ಪಾ” ಎಂದಳು.