ಲೆಕ್ಕ ತಪ್ಪಿದ ಬೇಸಿಗೆ: ನಮ್ಮ ನಾಲ್ಕು ತಾಲ್ಲೂಕಿನ ರೈತರು ಏನು ಮಾಡಬೇಕು?



"ಈಗೀಗ ಬ್ಯಾಸಗಿ ಯಾವಾಗ, ಮಳಿಗಾಲ ಯಾವಾಗ ಅನ್ನೋದ ತಿಳೀವಲ್ದು" ಅನ್ನುವ ಮಾತನ್ನು ಸಂತೆಯಲ್ಲೂ ಬಸ್ ಸ್ಟ್ಯಾಂಡಿನಲ್ಲೂ ನಾನು ದಿನಾ ಕೇಳುತ್ತೇನೆ. ಮಾತು ಸುಳ್ಳಲ್ಲ. 2019ರ ಬೇಸಿಗೆ ನೆನಪಿಸಿಕೊಳ್ಳಿ. ಮೇ ತಿಂಗಳಲ್ಲಿ ಕೃಷ್ಣೆ ಬತ್ತಿ, ಕೊಯ್ನಾದಿಂದ ನೀರು ಬಿಡಿಸಿ ಅಂತ ಕೇಳುವ ಪರಿಸ್ಥಿತಿ ಬಂದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಅದೇ ಕೃಷ್ಣೆ, ಘಟಪ್ರಭೆ ಊರೊಳಗೆ ನುಗ್ಗಿದವು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅದರ ಬೆನ್ನಿಗೇ 2024ರ ಏಪ್ರಿಲ್‌ನಲ್ಲಿ ಉರಿಬಿಸಿಲು. 2025ರಲ್ಲಿ ತಿರುವುಮುರುವು: ಮೇ ತುಂಬ ಮಳೆ, ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ವಾಡಿಕೆಗಿಂತ 8 ದಿನ ಮೊದಲು.

ಹಾಗಾದರೆ ನಾವು ಮಾಡಬೇಕಾದ್ದೇನು? ಹವಾಮಾನ ನಮ್ಮ ಕೈಯಲ್ಲಿಲ್ಲ, ತಯಾರಿ ಮಾತ್ರ ನಮ್ಮ ಕೈಯಲ್ಲಿದೆ. ನಮ್ಮ ನಾಲ್ಕೂ ತಾಲ್ಲೂಕು ಅಕ್ಕಪಕ್ಕ ಇದ್ದರೂ ಒಂದೇ ಬಿಸಿಲು, ಒಂದೇ ಮಳೆ ಒಂದೊಂದು ಕಡೆ ಒಂದೊಂದು ಪೆಟ್ಟು ಕೊಡುತ್ತದೆ. ಅದನ್ನೇ ಈ ವಾರ ನೋಡೋಣ.

ಅಡ್ಡಮಳೆ ಯಾಕೆ ಬರುತ್ತದೆ?

ಏಪ್ರಿಲ್-ಮೇನಲ್ಲಿ ನಮ್ಮ ಕಪ್ಪು ನೆಲ ಮಧ್ಯಾಹ್ನದ ಹೊತ್ತಿಗೆ ಹೆಂಚಿನ ಹಾಗೆ ಕಾಯುತ್ತದೆ. ಬಿಸಿಗಾಳಿ ಮೇಲೇರುತ್ತದೆ. ಆ ಹೊತ್ತಿಗೆ ಸಮುದ್ರದ ಕಡೆಯಿಂದ ತೇವದ ಗಾಳಿ ಬಂದು ಕೂಡಿದರೆ ಮೋಡ ಗೋಪುರದಂತೆ ಎತ್ತರಕ್ಕೆ ಬೆಳೆಯುತ್ತದೆ. ಮೇಲೆ ನೀರು ಹೆಪ್ಪುಗಟ್ಟಿ ಆಲಿಕಲ್ಲು ಆಗುತ್ತದೆ. ಅದಕ್ಕೇ ಈ ಮಳೆ ಹೆಚ್ಚಾಗಿ ಮಧ್ಯಾಹ್ನ 3ರ ನಂತರ ಗುಡುಗು, ಸಿಡಿಲು, ಬಿರುಗಾಳಿ ಕಟ್ಟಿಕೊಂಡೇ ಬರುತ್ತದೆ. ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟುಹೋಗುವುದೂ ಇದೇ ಕಾರಣಕ್ಕೆ.

ಜಮಖಂಡಿ: ಇಂದಿನ ಮೋಡ, ಮುಂದಿನ ವರ್ಷದ ಗೊನೆ

ಜಮಖಂಡಿಯ ಹೊಳೆದಂಡೆಯಲ್ಲಿ ಕಬ್ಬು, ಮೇಲಿನ ಕಡೆ ದ್ರಾಕ್ಷಿ. ಬೇಸಿಗೆಯಲ್ಲಿ ನೀರು ಹಿಡಿದಿಡುವ ಮಹತ್ವವನ್ನು ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದೇ ಶ್ರಮಬಿಂದು ಸಾಗರ.

ದ್ರಾಕ್ಷಿಗೆ ಅಡ್ಡಮಳೆ ಎರಡು ಸಲ ಹೊಡೆಯುತ್ತದೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ: ಶೆಡ್‌ನಲ್ಲಿ ಒಣಗುತ್ತಿರುವ ಮಣೂಕಕ್ಕೆ ತೇವ ತಾಗಿ ಬಣ್ಣ ಕಪ್ಪಾಗುತ್ತದೆ, ಬೂಸಲು ಹಿಡಿಯುತ್ತದೆ. ಇನ್ನೊಂದು ಕಾಣುವುದಿಲ್ಲ. ಏಪ್ರಿಲ್ ಚಾಟಣಿ ಮಾಡಿದ ಮೇಲೆ ಸುಮಾರು 40ರಿಂದ 60 ದಿನಗಳ ನಡುವೆ ಬಳ್ಳಿಯ ಕಣ್ಣಿನೊಳಗೆ ಮುಂದಿನ ಗೊನೆ ರೂಪುಗೊಳ್ಳುತ್ತದೆ. ಅದಕ್ಕೆ ಒಳ್ಳೆಯ ಬಿಸಿಲು ಬೇಕು. ಆಗ ದಿನಗಟ್ಟಲೆ ಮೋಡ ಕವಿದರೆ ಕಣ್ಣು ಗೊನೆಯ ಬದಲು ಬರೀ ಬಳ್ಳಿ ಬಿಡುತ್ತದೆ. ಅಂದರೆ ಮೇ ತಿಂಗಳ ಮೋಡದ ಲೆಕ್ಕ ನಮಗೆ ಸಿಗುವುದು ಮುಂದಿನ ಸುಗ್ಗಿಯಲ್ಲಿ.

ಇಂಥ ವರ್ಷ ಹೆಚ್ಚುವರಿ ಚಿಗುರು ತೆಗೆದು, ಪ್ರತಿ ಕಡ್ಡಿಗೂ ಬೆಳಕು ಬೀಳುವಂತೆ ಮಾಡಿರಿ. ಸಾರಜನಕ ಮತ್ತು ನೀರು ಕಡಿಮೆ ಮಾಡಿರಿ. ಅಕ್ಟೋಬರ್ ಚಾಟಣಿಗೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ, ಎಷ್ಟನೇ ಕಣ್ಣಿಗೆ ಕತ್ತರಿ ಹಾಕಬೇಕು ಎಂದು ತಿಳಿದುಕೊಳ್ಳಿರಿ.

ಮುಧೋಳ: ಕಬ್ಬಿಗೆ ಬಿಸಿಲೂ ವೈರಿ, ಬೇಗ ಬಂದ ಮಳೆಯೂ ವೈರಿ

ಘಟಪ್ರಭೆ ಕಡೆಯ ಕಬ್ಬಿನ ಹೊಲದಲ್ಲಿ ಉರಿಬಿಸಿಲಿದ್ದರೆ ಎಳೆ ಪೈರಿಗೆ ಸುಳಿ ಕೊರಕ ಹೆಚ್ಚು. ಒಣಗಿದ ಸುಳಿ ಎಳೆದರೆ ಸಲೀಸಾಗಿ ಕಿತ್ತುಬಂದು ಕೆಟ್ಟ ವಾಸನೆ ಬಂತೆಂದರೆ ಅದೇ. ಕೂಳೆ ಕಬ್ಬಿನ ರವದಿಗೆ ಬೆಂಕಿ ಹಚ್ಚಬ್ಯಾಡ್ರಿ. ಸಾಲಿನ ನಡುವೆ ಹರಡಿದರೆ ನೆಲ ತಂಪಿರುತ್ತದೆ, ಹುಳುವಿನ ಕಾಟವೂ ತಗ್ಗುತ್ತದೆ. ನೀರು ತೀರಾ ಕಡಿಮೆಯಿದ್ದರೆ ಲೀಟರ್ ನೀರಿಗೆ 25 ಗ್ರಾಂ ಯೂರಿಯಾ ಮತ್ತು 25 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಬೆರೆಸಿ, 15 ದಿನಕ್ಕೊಮ್ಮೆ ಸಂಜೆ ಹೊತ್ತು ಸಿಂಪಡಿಸಿರಿ.

ಮಳೆ ಬೇಗ ಬಂದರೆ ಗೊಣ್ಣೆಹುಳುವಿನ ಪಂಚಾಂಗವೇ ಮುಂದೆ ಸರಿಯುತ್ತದೆ. ಮೊದಲ ಹದ ಮಳೆಯಾದ ಕೂಡಲೇ ನೆಲದೊಳಗಿನ ದುಂಬಿ ಹೊರಬರುತ್ತದೆ. ಕತ್ತಲಾಗುವ ಹೊತ್ತಿಗೆ ಬೇವು, ಜಾಲಿ, ಬಾರೆ ಗಿಡದ ಮೇಲೆ ಗುಂಪುಗೂಡುತ್ತದೆ. ಜೂನ್ ಬರಲಿ ಅಂತ ಕಾಯದೆ, ಮಳೆಯ ಮರುದಿನ ಸಂಜೆಯಿಂದಲೇ ಟೊಂಗೆ ಅಲುಗಾಡಿಸಿ ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿರಿ. ಒಬ್ಬರೇ ಮಾಡಿದರೆ ಉಪಯೋಗ ಕಡಿಮೆ, ದುಂಬಿಗೆ ಬದುವಿನ ಗಡಿ ಗೊತ್ತಿಲ್ಲ. ಓಣಿಯವರೆಲ್ಲ ಕೂಡಿ ಒಂದು ವಾರ ಮಾಡಿರಿ. ಈಗ ಬಿಟ್ಟರೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬೇರು ತಿಂದ ಕಬ್ಬು ಹಳದಿಯಾಗಿ ಬೀಳುವುದನ್ನು ನೋಡಬೇಕಾಗುತ್ತದೆ.

ಬೀಳಗಿ: ಹಸಿರು ಚಿಗುರಿನೊಳಗಿನ ವಿಷ

ಬೀಳಗಿಯಲ್ಲಿ ಒಂದು ಕಡೆ ಆಲಮಟ್ಟಿ ಹಿನ್ನೀರು, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಒಣಭೂಮಿ. ಕುರಿ, ಎಮ್ಮೆ ಇಲ್ಲಿನ ಎಷ್ಟೋ ಮನೆಗಳ ಆಸರೆ. ಬಿಸಿಲು ಏರಿದಾಗ ಎಮ್ಮೆ ಹೆಚ್ಚು ಬಳಲುತ್ತದೆ: ಕಪ್ಪು ಮೈ, ಬೆವರುವುದು ಕಡಿಮೆ. ಹಾಲು ಇಳಿಯುತ್ತದೆ, ಬೆದೆಗೆ ಬಂದದ್ದೂ ತಿಳಿಯುವುದಿಲ್ಲ. ಮೈಗೆ ದಿನಕ್ಕೆರಡು ಸಲ ನೀರು ಹಾಕಿರಿ, ಮೇವನ್ನು ಬೆಳಗಿನ ಜಾವ ಮತ್ತು ರಾತ್ರಿ ಕೊಡಿರಿ.

ಅಡ್ಡಮಳೆ ಬಿದ್ದ ಮೇಲಿನ ಅಪಾಯ ಬೇರೆ. ಬಿಳಿಜೋಳ ಕೊಯ್ದ ಹೊಲದಲ್ಲಿ ಕೂಳೆ ಹಸಿರಾಗಿ ಚಿಗುರುತ್ತದೆ. ಒಣಮೇವು ತಿಂದು ಬೇಸತ್ತ ದನ ಅದಕ್ಕೆ ಓಡುತ್ತದೆ. ಆ ಎಳೆ ಚಿಗುರಿನಲ್ಲಿ ಸಯನೈಡ್ ವಿಷ ಇರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಏದುಸಿರು, ಬಾಯಲ್ಲಿ ನೊರೆ, ನಡುಕ, ಆಮೇಲೆ ಬಿದ್ದುಬಿಡುತ್ತದೆ. ಮನೆಮದ್ದು ಮಾಡುತ್ತ ಕೂಡಬ್ಯಾಡ್ರಿ, ತಕ್ಷಣ ಪಶುವೈದ್ಯರನ್ನು ಕರೆಯಿರಿ. ಇದಕ್ಕೆ ಚುಚ್ಚುಮದ್ದು ಇದೆ, ಆದರೆ ಸಮಯ ಬಹಳ ಕಡಿಮೆ. ಜೋಳ ಹೂ ಬಿಡುವ ಮೊದಲು ಹಸಿಯಾಗಿ ಮೇಯಿಸಲೇಬೇಡಿ.

ಗಳಲೆ ರೋಗ ಮತ್ತು ಕುರಿಗಳ ಕರುಳು ಬೇನೆ ಲಸಿಕೆಯನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಬೇಕು. ಮಳೆ ಬೇಗ ಬರುವ ಸೂಚನೆ ಇದ್ದರೆ ಲಸಿಕೆಯೂ ಬೇಗ ಆಗಲಿ.

ರಬಕವಿ-ಬನಹಟ್ಟಿ: ಮಗ್ಗವೂ ಹವಾಮಾನವನ್ನೇ ಕೇಳುತ್ತದೆ

ಇಲ್ಲಿ ಹೊಲದಷ್ಟೇ ಮಗ್ಗವೂ ಅನ್ನ ಕೊಡುತ್ತದೆ. ಗಾಳಿ ತೀರಾ ಒಣಗಿದರೆ ಹತ್ತಿಯ ನೂಲು ಪದೇಪದೇ ಹರಿಯುತ್ತದೆ. ಹಿಂದಿನವರ ಕುಣಿ ಮಗ್ಗದಲ್ಲಿ ನೆಲದ ತಂಪು ನೂಲಿಗೆ ಸಿಗುತ್ತಿತ್ತು. ಈಗ ತಗಡಿನ ಶೆಡ್ಡಿನ ಪವರ್‌ಲೂಮ್ ಹತ್ತಿರ ನಿಂತವರಿಗೆ ಮೇಲಿಂದಲೂ ಕಾವು, ಯಂತ್ರದಿಂದಲೂ ಕಾವು. ತಗಡಿಗೆ ಸುಣ್ಣ ಬಳಿದರೆ, ಕಬ್ಬಿನ ರವದಿ ಹೊದಿಸಿದರೆ ಕಾವು ತಗ್ಗುತ್ತದೆ. ರವದಿ ಹಾಕುವಾಗ ವಿದ್ಯುತ್ ತಂತಿಯಿಂದ ದೂರ ಇರಲಿ.

ಬಿರುಗಾಳಿ ಬಂದರೆ ಕರೆಂಟ್ ಹೋಗಿ ದಿನದ ಕೂಲಿಯೇ ಹೋಗುತ್ತದೆ. ಕುದಿಸಿ ಒಣಹಾಕಿದ ಅರಿಷಿಣ ನೆನೆದರೆ ಬಣ್ಣ ಕೆಟ್ಟು ದರ ಬೀಳುತ್ತದೆ. ಮಾಳಿಗೆ ಮೇಲೆ ಅಕ್ಕತಂಗಿಯರು ಹಾಕಿದ ಶಾವಿಗೆ, ಸಂಡಿಗೆ, ಹಪ್ಪಳದ ಕಥೆಯೂ ಅಷ್ಟೇ. ಮಾರ್ಚ್‌ನಿಂದಲೇ ಒಂದು ತಾಡಪತ್ರಿ ಕಣದ ಪಕ್ಕ ಇರಲಿ.

ಎಲ್ಲರೂ ಮರೆಯಬಾರದ ಮಾತು

1. ನಮ್ಮ ಜಿಲ್ಲೆಯಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಹೊಲದಲ್ಲಿ ದುಡಿಯುವವರು ಮಧ್ಯಾಹ್ನ ಯಾಕೆ ಬೇಯಬೇಕು? 11ಕ್ಕೆ ಕೆಲಸ ನಿಲ್ಲಿಸಿ, ಸಂಜೆ ಮತ್ತೆ ಹಿಡಿಯಿರಿ. ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ. ಬಿಸಿಲಲ್ಲಿದ್ದವರು ತೊದಲಿದರೆ, ಮೈ ಕೆಂಡದಂತೆ ಸುಟ್ಟರೆ ನೆರಳಿಗೆ ತಂದು ಮೈಮೇಲೆ ನೀರು ಸುರಿದು 108ಕ್ಕೆ ಕರೆ ಮಾಡಿರಿ.

2. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರದಲ್ಲೇ ಇದೆ. ಒಂಟಿ ಮರದ ಕೆಳಗೆ ನೀವೂ ನಿಲ್ಲಬ್ಯಾಡ್ರಿ, ದನವನ್ನೂ ಕಟ್ಟಬ್ಯಾಡ್ರಿ. 'ದಾಮಿನಿ' ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ.

3. ಬೆಳೆ ವಿಮೆ ಮಾಡಿಸಿದ್ದರೆ ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಿರಿ. ಮೊದಲು ಫೋಟೊ ತೆಗೆದು, ಆಮೇಲೆ ಹೊಲ ಹಸನು ಮಾಡಿರಿ.

4. "ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ" ಎಂಬ ಗಾದೆ ನಿಜ, ಆದರೆ ಒಂದು ಮಳೆ ನೋಡಿ ಬೀಜ ಚೆಲ್ಲಬೇಡಿ. 2025ರಲ್ಲಿ ಅವಸರದಿಂದ ಬಂದ ಮುಂಗಾರು ಮೇ ಕೊನೆಯಿಂದ ಎರಡು ವಾರಕ್ಕೂ ಹೆಚ್ಚು ಕಾಲ ಮುಂದೆ ಸಾಗದೆ ನಿಂತಿತ್ತು. ಕಪ್ಪು ನೆಲದಲ್ಲಿ ಒಂದು ಗೇಣು ಅಗೆದು ನೋಡಿ, ತಳದ ಮಣ್ಣು ಕೈಯಲ್ಲಿ ಉಂಡೆ ಕಟ್ಟಿದರೆ ಮಾತ್ರ ಬಿತ್ತಿರಿ.

5. ಮಳೆ ಅಳೆಯಿರಿ. ನೇರ ಗೋಡೆಯ ಒಂದು ಡಬ್ಬಿ, ಒಂದು ಸ್ಕೇಲು, ಒಂದು ವಹಿ ಸಾಕು. ಡಬ್ಬಿಯಲ್ಲಿ 25 ಮಿಲಿಮೀಟರ್ ನೀರು ನಿಂತರೆ ನಿಮ್ಮ ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ಬಿತ್ತು ಅಂತ ಅರ್ಥ. ನಾನು ನಮ್ಮ ಹೊಲದಲ್ಲಿ ಇದನ್ನೇ ಮಾಡುತ್ತೇನೆ. ನಾಲ್ಕಾರು ವರ್ಷದ ವಹಿ ತಿರುವಿದರೆ ಯಾವ ತಿಂಗಳು ನಂಬಬೇಕು, ಯಾವ ತಿಂಗಳು ನಂಬಬಾರದು ಅನ್ನುವುದು ನಮ್ಮ ಹೊಲದ ಮಟ್ಟಿಗೆ ಗೊತ್ತಾಗುತ್ತದೆ.

ಬೆಳೆಯ ಬಗ್ಗೆ ಸಂದೇಹ ಇದ್ದರೆ ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿರಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಕೇಳಿರಿ. ಮುಂದಿನ ವಾರ ಗೊಣ್ಣೆಹುಳುವಿಗೆ ಮೆಟಾರೈಜಿಯಂ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸುವ ಕ್ರಮ ನೋಡೋಣ. ಅಷ್ಟರೊಳಗೆ ಹೊಲದಲ್ಲಿ ಒಂದು ಡಬ್ಬಿ ಇಟ್ಟಿರಿ.