ಊರು ಬಿಟ್ಟವರ ಗಂಟಿನಲ್ಲಿ ಏನಿರುತ್ತೆ?

ಎರಡನೇ ವರ್ಷದ ಶುರುವಿನಲ್ಲಿ ಹಾಸ್ಟೆಲ್ ಬಿಟ್ಟು ನಾವು ಮೂವರು ದಾವಣಗೆರೆಯಲ್ಲಿ ರೂಮ್ ಹುಡುಕ್ತಾ ಇದ್ವಿ. "ಮನೆ ಬಾಡಿಗೆಗಿದೆ" ಅನ್ನೋ ಬೋರ್ಡ್ ಕಂಡಲ್ಲೆಲ್ಲ ಗೇಟ್ ತಟ್ಟೋದು. ಬಾಡಿಗೆ, ಅಡ್ವಾನ್ಸ್, ನೀರಿನ ಮಾತಿಗಿಂತ ಮೊದಲು ಒಂದು ಪ್ರಶ್ನೆ ಬರ್ತಿತ್ತು: "ಯಾವೂರಪ್ಪ? ಯಾವ ಪೈಕಿ?" ಮೂರನೇ ಮನೆಯ ಅಜ್ಜನಿಗೆ ನಮ್ಮ ಮಾವನ ಪರಿಚಯ ಇತ್ತು. "ಓ, ನಮ್ಮೋರೇ!" ಅಂದ್ರು. ರೂಮ್ ಸಿಕ್ತು, ಆದರೆ ಇಬ್ಬರಿಗೆ ಮಾತ್ರ. ಮೂರನೆಯವನು ನ್ಯಾಮತಿ ಕಡೆಯ ತಾಂಡಾದ ಹುಡುಗ. "ಅವನೊಬ್ಬ ಬೇಡ, ತಪ್ಪು ತಿಳ್ಕೋಬೇಡಿ" ಅಂದ್ರು ಅಜ್ಜ. ನಾನು ತಲೆಯಾಡಿಸಿ ಒಳಗೆ ಹೋದೆ.

ಆ ದಿನದಿಂದ ಒಂದು ಪ್ರಶ್ನೆ ತಲೆಯಲ್ಲಿ ಉಳಿದಿದೆ. ಜನ ಊರು ಬಿಟ್ಟು ಬೇರೆ ಊರಿಗೆ ಹೋದಾಗ ಬಟ್ಟೆ, ಪಾತ್ರೆ ಬಿಟ್ಟು ಇನ್ನೇನು ಹೊತ್ಕೊಂಡು ಹೋಗ್ತಾರೆ? ಸಮಾಜಶಾಸ್ತ್ರದಲ್ಲಿ 'ಡಯಾಸ್ಪೊರಾ' ಅಂತ ಒಂದು ಪದ ಇದೆ. ಮೂಲದ ನೆಲದಿಂದ ಚದುರಿ ಹಲವು ಕಡೆ ನೆಲೆಸಿದ್ದರೂ ಆ ನೆಲದ ನಂಟು ಬಿಡದ ಸಮುದಾಯ ಅಂತ ಅದರ ಅರ್ಥ. ಇದು ನಮ್ಮ ಸಿಲಬಸ್‌ನಲ್ಲಿಲ್ಲ. ಆದರೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಆದ ಮಾರನೇ ದಿನ ನಾವೇ ಊರು ಬಿಡುವವರು, ಹಾಗಾಗಿ ಓದಿಕೊಳ್ಳೋದು ಒಳ್ಳೇದು.

ದಾವಣಗೆರೆಯೇ ವಲಸೆಯ ಊರು

"ನಾವು ಇಲ್ಲಿನವರು" ಅಂತ ಎದೆ ತಟ್ಟಿ ಹೇಳೋ ಮೊದಲು ಊರಿನ ಚರಿತ್ರೆ ನೋಡಬೇಕು. 18ನೇ ಶತಮಾನದಲ್ಲಿ ದಾವಣಗೆರೆ ಅಂದರೆ ಬೇತೂರಿಗೆ ಸೇರಿದ ಒಂದು ಸಣ್ಣ ಹಳ್ಳಿ. ಹೈದರಾಲಿ ಅದನ್ನು ಆಪೋಜಿರಾಮ್ ಅನ್ನೋ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆದು ಇಲ್ಲಿ ನೆಲೆಸೋಕೆ ಉತ್ತೇಜನ ಕೊಟ್ಟ. ಅಂದರೆ ಈ ಪೇಟೆ ಬೆಳೆದದ್ದೇ ಹೊರಗಿನಿಂದ ಬಂದವರಿಂದ. ಮುಂದೆ ಹತ್ತಿ ವ್ಯಾಪಾರ, ಬಟ್ಟೆ ಗಿರಣಿಗಳು ಬಂದವು. ಸುತ್ತಲಿನ ಹಳ್ಳಿಗಳಿಂದ, ಹೊರ ಜಿಲ್ಲೆಗಳಿಂದ ಕೂಲಿಗೆ ಜನ ಬಂದರು. ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಹೆಸರಾಯ್ತು. ನಾವು ಹೆಮ್ಮೆಯಿಂದ ತಿನ್ನೋ ಬೆಣ್ಣೆದೋಸೆಯ ಕಥೆಯೂ ಹೀಗೇ. ಬೆಳಗಾವಿ ಸೀಮೆಯಿಂದ ಮಕ್ಕಳ ಜೊತೆ ಬಂದ ಚೆನ್ನಮ್ಮ ಅನ್ನೋ ತಾಯಿ ದೋಸೆ ಹಾಕೋಕೆ ಶುರು ಮಾಡಿದ್ದರಿಂದ ಅದು ಹುಟ್ಟಿತು ಅಂತ ಊರವರು ಹೇಳ್ತಾರೆ.

ಹರಿಹರದ್ದು ಇನ್ನೊಂದು ಬಗೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಅದು ಮೈಸೂರು ಸಂಸ್ಥಾನದ ಗಡಿ. ತುಂಗಭದ್ರೆಯ ಸೇತುವೆ ದಾಟಿದರೆ ಮುಂಬೈ ಪ್ರಾಂತ್ಯ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು, ಲೇತ್ ಯಂತ್ರಗಳಿಗೆ ಹೆಸರಾಯ್ತು. ನಮ್ಮ ವರ್ಕ್‌ಶಾಪಿನ ಹಳೇ ಲೇತ್ ಮೇಲೆ ಆ ಹೆಸರು ಓದಿದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಕೆಲಸಕ್ಕೆ ಅಂತ ಬಂದ ಕುಟುಂಬಗಳು ಅಲ್ಲೇ ಉಳಿದವು. ಕಾರ್ಖಾನೆ ಮುಚ್ಚಿದ ಮೇಲೆ ಎಷ್ಟೋ ಮನೆಯ ಮಕ್ಕಳು ಮತ್ತೆ ಪುಣೆ, ಬೆಂಗಳೂರು ಅಂತ ಹೊರಟರು.

ಮೂರನೆಯದು ಭದ್ರಾ ನಾಲೆ. ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಇಲ್ಲಿಗೆ ಬಂದು ಜಮೀನು ಕೊಂಡು ಭತ್ತ ಬೆಳೆದರು. ಅವರು ನೆಲೆಸಿದ ಜಾಗಕ್ಕೆ 'ಕ್ಯಾಂಪ್' ಅಂತ ಹೆಸರು. ಮನೆಯೊಳಗೆ ತೆಲುಗು, ಮಂಡಿಯಲ್ಲಿ ಕನ್ನಡ. ಮೊಮ್ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿ ನಮ್ಮ ಕ್ಲಾಸಿನಲ್ಲೇ ಕೂತಿದ್ದಾರೆ. ಆದರೂ ನಾವು ಇವತ್ತಿಗೂ "ಅವ್ನು ಕ್ಯಾಂಪ್‌ನೋನು" ಅಂತೀವಿ. 'ಕ್ಯಾಂಪ್' ಅಂದರೆ ತಾತ್ಕಾಲಿಕ ಬಿಡಾರ. ಮೂರು ತಲೆಮಾರು ಉತ್ತರೂ ಬಿಡಾರದ ಹೆಸರು ಹೋಗಿಲ್ಲ!

ದೂರದ ಒಂದು ಉದಾಹರಣೆ

ಹತ್ತಿರದವರ ಬಗ್ಗೆ ಮಾತಾಡೋವಾಗ ನಮಗೆಲ್ಲ ಒಂದೊಂದು ಅಭಿಪ್ರಾಯ ಮೊದಲೇ ಕೂತಿರುತ್ತೆ. ಅದಕ್ಕೇ ನಮಗೆ ಪೂರ್ತಿ ಅಪರಿಚಿತರಾದ ಸೊಮಾಲಿಗಳನ್ನು ಪಕ್ಕಕ್ಕಿಟ್ಟು ನೋಡೋಣ.

ಸೊಮಾಲಿಯಾ ಆಫ್ರಿಕಾದ ಪೂರ್ವ ತುದಿಯ ದೇಶ. ಹಿಂದೆ ಹೆಚ್ಚಿನವರು ಒಂಟೆ, ಕುರಿ ಮೇಯಿಸುತ್ತಿದ್ದ ಜನ. ಬ್ರಿಟಿಷ್ ಹಡಗುಗಳಲ್ಲಿ ದುಡಿದ ಸೊಮಾಲಿ ನಾವಿಕರು 19ನೇ ಶತಮಾನದ ಕೊನೆಯಿಂದಲೇ ಕಾರ್ಡಿಫ್, ಲಂಡನ್ ಬಂದರುಗಳಲ್ಲಿ ನೆಲೆಸಿದ್ದರು. ಆದರೆ ದೊಡ್ಡ ಚದುರುವಿಕೆ ಆದದ್ದು ಅಂತರ್ಯುದ್ಧದಲ್ಲಿ. 1991ರ ಜನವರಿಯಲ್ಲಿ ಸಿಯಾದ್ ಬರೆಯ ಸರ್ಕಾರ ಬಿತ್ತು, ದೇಶ ಒಡೆಯಿತು. ಲಕ್ಷಾಂತರ ಜನ ಕೀನ್ಯಾದ ದಡಾಬ್ ನಿರಾಶ್ರಿತರ ಶಿಬಿರಗಳಿಗೆ, ಅಲ್ಲಿಂದ ನೈರೋಬಿಯ ಈಸ್ಟ್ಲೀ ಬಡಾವಣೆಗೆ, ಲಂಡನ್, ಟೊರಾಂಟೊ, ಅಮೆರಿಕದ ಮಿನಿಯಾಪೊಲಿಸ್‌ಗೆ ಹೋದರು. ಹೋದಲ್ಲೆಲ್ಲ ಅವರ ಬಗ್ಗೆ ಒಂದೇ ಮಾತು: "ಅವರವರೇ ಸೇರ್ಕೊಂಡಿರ್ತಾರೆ." ಕ್ಯಾಂಪಿನವರ ಬಗ್ಗೆ, ಮಾರ್ವಾಡಿಗಳ ಬಗ್ಗೆ, ತಾಂಡಾದವರ ಬಗ್ಗೆ ನಾವು ಹೇಳೋದೂ ಇದನ್ನೇ ಅಲ್ವಾ? ಯಾಕೆ ಸೇರ್ಕೊಂಡಿರ್ತಾರೆ ಅಂತ ಗಂಟು ಬಿಚ್ಚಿ ನೋಡೋಣ.

ಗಂಟಿನ ಮೊದಲ ವಸ್ತು: ನಂಬಿಕೆ

ಹೊಸ ಊರಿಗೆ ಬಂದವನಿಗೆ ಬ್ಯಾಂಕ್ ಸಾಲ ಕೊಡಲ್ಲ, ಜಾಮೀನಿಲ್ಲ, ದಾಖಲೆಯಿಲ್ಲ. ಸೊಮಾಲಿ ಹೆಂಗಸರು ಇದಕ್ಕೆ ಮಾಡಿಕೊಂಡಿರೋ ಉಪಾಯದ ಹೆಸರು 'ಆಯುತೊ' ಅಥವಾ 'ಹಗ್ಬದ್'. ದಕ್ಷಿಣ ಸೊಮಾಲಿಯಾ ಇಟಲಿಯ ವಸಾಹತಾಗಿತ್ತು. ಸಹಾಯ ಅನ್ನೋ ಅರ್ಥದ ಇಟಾಲಿಯನ್ ಪದವೇ ಆಯುತೊ ಆಗಿದೆ. ಹತ್ತು ಜನ ತಿಂಗಳಿಗೆ ತಲಾ 5,000 ಹಾಕ್ತಾರೆ ಅಂತಿಟ್ಕೊಳ್ಳಿ. ಪ್ರತಿ ತಿಂಗಳು ಒಬ್ಬರಿಗೆ 50,000 ಒಟ್ಟಿಗೆ ಸಿಗುತ್ತೆ. ಹತ್ತು ತಿಂಗಳಿಗೆ ಸುತ್ತು ಮುಗಿಯುತ್ತೆ. ಬಡ್ಡಿಯಿಲ್ಲ, ಹಾಗಾಗಿ ಧರ್ಮಕ್ಕೂ ಅಡ್ಡಿಯಿಲ್ಲ.

"ಇದು ನಮ್ಮ ಚೀಟಿ ಅಲ್ವೇನೋ!" ಅಂದಿರಬೇಕು ನೀವು. ಹೌದು. ನಮ್ಮಲ್ಲಿ ಕೂಗಿ ಚೀಟಿ ಎತ್ತೋ ಪದ್ಧತಿ ಇದೆ, ಅವರಲ್ಲಿ ಸರದಿ. ಲೆಕ್ಕ ಬೇರೆಯಾದರೂ ಒಂದು ಅಪಾಯ ಸಮಾನ: ಮೊದಲ ತಿಂಗಳೇ ದುಡ್ಡು ಎತ್ತಿದವನು ಎರಡನೇ ತಿಂಗಳು ಕಾಣೆಯಾದರೆ? ಅದನ್ನು ತಡೆಯೋದು ಕಾನೂನಿಗಿಂತ ಹೆಚ್ಚಾಗಿ "ಅವಳ ಅತ್ತಿಗೆ ನನಗೆ ಗೊತ್ತು" ಅನ್ನೋ ಒಂದೇ ವಿಷಯ. ಪರಿಚಯವೇ ಇಲ್ಲಿ ಜಾಮೀನು.

ದುಡ್ಡು ಊರಿಗೆ ಕಳಿಸೋದೂ ಹೀಗೇ. ಮಿನಿಯಾಪೊಲಿಸ್‌ನ ಏಜೆಂಟ್ ಕೈಗೆ 200 ಡಾಲರ್ ಕೊಟ್ಟರೆ, ಅವನು ಸಂದೇಶ ಕಳಿಸ್ತಾನೆ, ಹರ್ಗೈಸಾದ ಏಜೆಂಟ್ ಅಮ್ಮನ ಕೈಗೆ ಕೊಡ್ತಾನೆ. ಅವರಿಬ್ಬರ ಲೆಕ್ಕ ಆಮೇಲೆ ಸರಕಿನಲ್ಲೋ ಬೇರೆ ದಾರಿಯಲ್ಲೋ ಚುಕ್ತಾ. ನಮ್ಮ ವರ್ತಕರ ಹುಂಡಿಯ ತಮ್ಮ ಇದು. ಹೀಗೆ ಹೊರಗಿನ ಸೊಮಾಲಿಗಳು ವರ್ಷಕ್ಕೆ 100 ಕೋಟಿ ಡಾಲರ್‌ಗೂ ಹೆಚ್ಚು ಊರಿಗೆ ಕಳಿಸ್ತಾರೆ ಅಂತ ಅಂದಾಜು. 2001ರ ನವೆಂಬರ್‌ನಲ್ಲಿ ಅಮೆರಿಕ ಸರ್ಕಾರ ಭಯೋತ್ಪಾದನೆಯ ಅನುಮಾನದ ಮೇಲೆ ಅಲ್ ಬರಕಾತ್ ಅನ್ನೋ ದೊಡ್ಡ ಸಂಸ್ಥೆಯನ್ನು ಮುಚ್ಚಿಸಿತು. ನಂತರ ಸೆಪ್ಟೆಂಬರ್ 11ರ ತನಿಖಾ ಆಯೋಗದ ಸಿಬ್ಬಂದಿಗೆ ಗಟ್ಟಿ ಪುರಾವೆ ಸಿಗಲಿಲ್ಲ. ಅಷ್ಟರಲ್ಲಿ ಎಷ್ಟೋ ಮನೆಗಳಿಗೆ ಬರಬೇಕಿದ್ದ ದುಡ್ಡು ನಿಂತು ಹೋಗಿತ್ತು.

ಹಾಗಾಗಿ ಮೊದಲ ಪಾಠ: ವಲಸಿಗರ ಒಗ್ಗಟ್ಟು ಬರೀ ಸ್ವಭಾವ ಅಲ್ಲ. ಹೊರಗಿನ ವ್ಯವಸ್ಥೆ ಬಾಗಿಲು ಹಾಕಿದಾಗ ಅವರು ಒಳಗೇ ಕಟ್ಟಿಕೊಂಡ ವ್ಯವಸ್ಥೆ ಅದು.

ಎರಡನೆಯದು: ವಂಶಾವಳಿ

ಸೊಮಾಲಿಗಳು ಅಪರಿಚಿತನನ್ನು "ಎಲ್ಲಿಯವನು" ಅನ್ನೋದಕ್ಕಿಂತ "ಯಾರವನು" ಅಂತ ಕೇಳ್ತಾರೆ ಅಂತ ಅವರನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ನಮ್ಮ "ಯಾವ ಪೈಕಿ?" ನೆನಪಾಯ್ತಾ? ಮಕ್ಕಳಿಗೆ ಅಪ್ಪ, ಅಜ್ಜ, ಮುತ್ತಜ್ಜ ಅಂತ ಹತ್ತಾರು ತಲೆಮಾರಿನ ಹೆಸರು ಬಾಯಿಪಾಠ ಮಾಡಿಸ್ತಾರೆ. ಇದಕ್ಕೆ 'ಅಬ್ತಿರ್ಸಿ' ಅಂತ ಹೆಸರು. ಎರಡು ಸರಪಳಿ ಎಲ್ಲಿ ಕೂಡುತ್ತವೋ ಅಲ್ಲಿಗೆ ನೆಂಟಸ್ತನದ ದೂರ ಗೊತ್ತಾಗುತ್ತೆ.

ಇದನ್ನು ನನ್ನ ತಾಂಡಾದ ಗೆಳೆಯನಿಗೆ ಹೇಳಿದಾಗ ಅವನು ನಕ್ಕ. "ನಮ್ಮಲ್ಲಿ ಅದಕ್ಕೆ ಢಾಡಿಗಳೇ ಇದ್ದಾರಲ್ಲೋ" ಅಂದ. ಲಂಬಾಣಿಗಳು ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವೆಲ್ಲ ಸುತ್ತಿದವರು. ರೈಲು, ರಸ್ತೆ ಬಂದ ಮೇಲೆ ಆ ವ್ಯಾಪಾರ ಮುಗಿಯಿತು. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ನಮ್ಮ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಪ್ರತಿ ಫೆಬ್ರವರಿಯ ಜಯಂತಿಗೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ರಾಠೋಡ, ಚವ್ಹಾಣ, ಪವಾರ ಅಂತ ಕುಲ ಕೇಳಿಯೇ ಮದುವೆ ಮಾತು. ಆ ಕುಲದ ಕಥೆ ಹಾಡಿ ನೆನಪಿಡೋರು ಢಾಡಿಗಳು. ಇವತ್ತಿಗೂ ತಾಂಡಾಗಳಿಂದ ಕಾಫಿ ಸೀಮೆಗೆ, ಕಬ್ಬು ಕಡಿಯೋಕೆ ಗುಳೆ ಹೋಗೋದು ತಪ್ಪಿಲ್ಲ. ಗುಳೆ ಹೋದಲ್ಲಿ ಕೈ ಹಿಡಿಯೋದೂ ಅದೇ ಕುಲದ ನಂಟು.

ಮೂರನೆಯದು: ಏಣಿ

ಇಲ್ಲಿವರೆಗೆ ಎಲ್ಲ ಚೆನ್ನಾಗಿತ್ತು. ಈಗ ಗಂಟಿನ ತಳಕ್ಕೆ ಬರೋಣ.

ಸೊಮಾಲಿಗಳಲ್ಲಿ 'ಗಬೋಯೆ' ಅಂತ ಕರೆಯೋ ಗುಂಪುಗಳಿವೆ: ಚರ್ಮದ ಕೆಲಸ, ಬೇಟೆ ಮಾಡುತ್ತಿದ್ದ ಮಡಿಬಾನ್, ಕಮ್ಮಾರಿಕೆಯ ತುಮಾಲ್, ಯಿಬಿರ್. ಒಂದೇ ಭಾಷೆ, ಒಂದೇ ಧರ್ಮ, ಒಂದೇ ಮೈಬಣ್ಣ. ಆದರೂ ಉಳಿದವರು ಇವರ ಜೊತೆ ಮದುವೆ ಸಂಬಂಧ ಬೆಳೆಸಲ್ಲ. ಕಸುಬು ಬಿಟ್ಟು ಮೂರು ತಲೆಮಾರಾದರೂ, ಲಂಡನ್‌ನಲ್ಲಿ ಹುಟ್ಟಿದ ಹುಡುಗ-ಹುಡುಗಿ ಮದುವೆ ಆಗ್ತೀವಿ ಅಂದರೂ ಮನೆಯಲ್ಲಿ ಅದೇ ಪ್ರಶ್ನೆ ಏಳುತ್ತೆ. 19ನೇ ಶತಮಾನದಲ್ಲಿ ದಕ್ಷಿಣದ ಕಡೆಯಿಂದ ಗುಲಾಮರಾಗಿ ತಂದವರ ಸಂತತಿ 'ಸೊಮಾಲಿ ಬಂಟು'ಗಳದ್ದೂ ಇದೇ ಪಾಡು. ಅವರ ಕೂದಲಿನ ಗಡಸುತನವೇ ಬೈಗುಳವಾಯ್ತು. ಅಂಥವರಲ್ಲಿ ಸಾವಿರಾರು ಜನರನ್ನು ಅಮೆರಿಕ 2003ರ ನಂತರ ಕರೆಸಿಕೊಂಡಿತು. ಬಿಳಿಯರ ನಾಡಿನಲ್ಲಿ ಎಲ್ಲರೂ 'ಕರಿಯರು' ಅನ್ನಿಸಿಕೊಂಡರೂ ತಮ್ಮೊಳಗಿನ ಮೇಲು-ಕೀಳು ಕರಗಲಿಲ್ಲ.

ಜಾತಿ ನಮ್ಮ ದೇಶದ್ದು ಮಾತ್ರ ಅಂದ್ಕೊಂಡಿದ್ದ ನನಗೆ ಇದು ಆಶ್ಚರ್ಯ. ಆಮೇಲೆ ನಮ್ಮದೇ ನೆನಪಾಯ್ತು. ನಮ್ಮವರೂ ಅಮೆರಿಕಕ್ಕೆ ಹೋಗಿ ಕನ್ನಡ ಕೂಟದ ಪಕ್ಕದಲ್ಲೇ ಜಾತಿವಾರು ಸಂಘಗಳನ್ನೂ ಕಟ್ಟಿದ್ದಾರೆ. ಅಲ್ಲಿ ಸಹಾಯ, ಹಬ್ಬ, ವಧು-ವರರ ಭೇಟಿ ಎಲ್ಲ ನಡೆಯುತ್ತೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿ ಕಾನೂನು ಮಾಡಬೇಕಾಗಿ ಬಂತು. ನಾವು ಕನಸು ಕಾಣೋ ಸಾಫ್ಟ್‌ವೇರ್ ಕಂಪನಿಗಳ ಊರು ಅದು.

ಎರಡನೇ ಪಾಠ ಇದು: ಚೀಟಿಗೆ ಜಾಮೀನಾಗೋ ಹಗ್ಗವೇ ಮದುವೆಗೆ ಬೇಲಿಯಾಗುತ್ತೆ. "ಅವಳ ಅತ್ತಿಗೆ ನನಗೆ ಗೊತ್ತು" ಅನ್ನೋದು ನಂಬಿಕೆಯ ಆಧಾರ ಆದ ಕೂಡಲೇ, ಅತ್ತಿಗೆ ಗೊತ್ತಿಲ್ಲದವಳು ಹೊರಗೇ ನಿಲ್ಲಬೇಕಾಗುತ್ತೆ.

ಹೊರಗಿನವರು ಅಂಟಿಸೋ ಚೀಟಿ

ಊರವರು ತಾವಾಗಿ ಒಂದು ಹೆಸರು ಅಂಟಿಸ್ತಾರೆ, ಅದು ಗಂಟಿಗಿಂತ ಭಾರ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ತಂದವರ ಸಂತತಿ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕನ್ನಡ, ಕೊಂಕಣಿ ಆಡ್ತಾರೆ, ರಂಗಭೂಮಿ, ಸಿನಿಮಾದಲ್ಲಿದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು. ಇಷ್ಟಾದರೂ ಸಿದ್ದಿ ಹುಡುಗ ಬೆಂಗಳೂರಿನ ಬಸ್ಸಿನಲ್ಲಿ ಕೂತರೆ ಪಕ್ಕದವರು ಇಂಗ್ಲಿಷಿನಲ್ಲಿ "ಯಾವ ದೇಶ?" ಅಂತಾರೆ.

ಬರೀ ಕೇಳಿ ಸುಮ್ಮನಾದರೆ ಪರವಾಗಿಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ನಂತರ ಬೇರೊಂದು ಕಾರಿನಲ್ಲಿ ಅಲ್ಲಿಗೆ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅಪಘಾತಕ್ಕೂ ಅವಳಿಗೂ ಇದ್ದ ಸಂಬಂಧ ಮೈಬಣ್ಣ ಒಂದೇ. ಅವಳೂ ನಮ್ಮ ಹಾಗೆ ಓದೋಕೆ ಊರು ಬಿಟ್ಟು ಬಂದವಳು. ಇಂಥದ್ದಾದ ಮೇಲೆ "ಅವರವರೇ ಸೇರ್ಕೊಂಡಿರ್ತಾರೆ" ಅಂತ ದೂರೋಕೆ ನಮಗೆ ಬಾಯಿದೆಯಾ?

ಮಕ್ಕಳ ಕಾಲಕ್ಕೆ ಏನಾಗುತ್ತೆ?

ಗಂಟು ಹಾಗೇ ಉಳಿಯಲ್ಲ. ವಿದೇಶದಲ್ಲಿ ಎಷ್ಟೋ ಸೊಮಾಲಿ ಮನೆಗಳಲ್ಲಿ ಹೆಂಗಸರೇ ದುಡಿದು ಸಂಸಾರ ನಡೆಸಿದರು, ಮನೆಯೊಳಗಿನ ಮಾತಿನ ತೂಕ ಬದಲಾಯ್ತು. ಮಕ್ಕಳು ಭಾಷೆ ಮರೀತಾರೆ, ಕೆಡ್ತಾರೆ ಅನ್ನೋ ಭಯಕ್ಕೆ ಕೆಲವು ಅಪ್ಪ-ಅಮ್ಮ ಅವರನ್ನು ತಾಯ್ನಾಡಿಗೆ ಕಳಿಸ್ತಾರೆ. ಇದಕ್ಕೆ 'ಡಕನ್ ಎಲಿಸ್' ಅಂತಾರೆ, ಸಂಸ್ಕೃತಿಗೆ ಮರಳಿಸೋದು ಅಂತ. ಅಮೆರಿಕದ ಮೊಮ್ಮಗನನ್ನು ರಜೆಗೆ ಅಜ್ಜಿ ಮನೆಗೆ ಕಳಿಸೋ ನಮ್ಮವರ ಆಸೆ ಇದೇ ಜಾತಿಯದು. ಅವರಲ್ಲಿ ಅದು ಕೆಲವೊಮ್ಮೆ ಬಲವಂತವೂ ಆಗುತ್ತೆ. ಯಾವುದನ್ನು ಇಟ್ಕೋಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡೋದು ಕೊನೆಗೆ ಆ ಮಕ್ಕಳೇ. ಭಾಷೆ, ಚೀಟಿ, ಹಬ್ಬದ ಅಡುಗೆ ಇಟ್ಕೊಂಡು ಏಣಿಯನ್ನು ಮಾತ್ರ ಬಿಟ್ಟು ಬರೋಕೆ ಆಗುತ್ತೆ. ಆದರೆ ಯಾರಾದರೂ ಒಬ್ಬರು ಅದನ್ನು ಬೇಕಂತಲೇ ಬಿಡಬೇಕು.

ನಿಮಗೊಂದು ಸಣ್ಣ ಅಭ್ಯಾಸ. ಈ ವಾರ ಮನೆಯಲ್ಲಿ ಅಜ್ಜ-ಅಜ್ಜಿಗೆ ಮೂರು ಪ್ರಶ್ನೆ ಕೇಳಿ: ನಮ್ಮ ಮನೆತನ ಈ ಊರಿಗೆ ಎಲ್ಲಿಂದ, ಯಾಕೆ ಬಂತು? ಮೊದಲು ಕೈ ಹಿಡಿದವರು ಯಾರು? ಬಾಗಿಲು ಹಾಕಿದವರು ಯಾರು? ಉತ್ತರಗಳನ್ನು ಬರೆದಿಟ್ಟು ಕ್ಲಬ್ಬಿಗೆ ತನ್ನಿ, ಮುಂದಿನ ಸಂಚಿಕೆಗೆ ಸೇರಿಸೋಣ.

ನಾನು ಕೇಳಿದೆ. ನಮ್ಮ ಮುತ್ತಜ್ಜ ಗಿರಣಿ ಕೆಲಸಕ್ಕೆ ಅಂತ ದಾವಣಗೆರೆಗೆ ಬಂದವರಂತೆ. ಗುರುತಿನವರು ಯಾರೂ ಇರಲಿಲ್ಲ. ಮೊದಲ ತಿಂಗಳು ಜೊತೆ ಕೆಲಸದ ಒಬ್ಬರ ಮನೆ ಪಡಸಾಲೆಯಲ್ಲಿ ಮಲಗಿದ್ದರಂತೆ. "ಅವರು ಯಾವ ಜನ ಅಜ್ಜಿ?" ಅಂದೆ. "ಯಾರಿಗ್ ಗೊತ್ತಪ್ಪ, ಕೇಳಿರ್ಲಿಲ್ಲ ಕಣೋ" ಅಂದ್ರು ಅಜ್ಜಿ.

ಹೋದ ತಿಂಗಳು ಆ ರೂಮ್ ಖಾಲಿ ಮಾಡಿದೆ. ಈಗ ಮೂವರೂ ಒಟ್ಟಿಗೆ ಇದ್ದೀವಿ. ಬಾಡಿಗೆ 800 ರೂಪಾಯಿ ಜಾಸ್ತಿ, ನೀರು ದಿನ ಬಿಟ್ಟು ದಿನ.