ಕಾಂಪೋಸ್ಟ್ ಗೊಬ್ಬರದ ಪಕ್ವತೆ: ಚೀಲಕ್ಕೆ ತುಂಬುವ ಮುನ್ನ

ತರಕಾರಿ ಮಾರುಕಟ್ಟೆ, ಹೋಟೆಲು ಹಾಗೂ ಕಲ್ಯಾಣ ಮಂಟಪಗಳ ಹಸಿ ತ್ಯಾಜ್ಯದಿಂದ ಕಾಂಪೋಸ್ಟ್ ತಯಾರಿಸುವ ಸಣ್ಣ ಘಟಕಗಳು ಸುಲಭವಾಗಿ ಮಾಡಬಹುದಾದ ತಪ್ಪೊಂದಿದೆ. ರಾಶಿಯು ಕಪ್ಪಾಗಿ ತಣ್ಣಗಾದೊಡನೆ ಅದನ್ನು ಸಿದ್ಧ ಸರಕೆಂದು ಭಾವಿಸಿ ಚೀಲಕ್ಕೆ ತುಂಬುವುದೇ ಆ ತಪ್ಪು. ತಣ್ಣಗಾದದ್ದೆಲ್ಲವೂ ಮಾಗಿದ್ದಲ್ಲ; ತೇವ ಆರಿದರೂ ರಾಶಿ ತಣ್ಣಗಾಗುತ್ತದೆ.

ಅಪಕ್ವ ಗೊಬ್ಬರ ಮಣ್ಣಿಗೆ ಸೇರಿದ ಮೇಲೂ ಕೊಳೆಯುತ್ತಲೇ ಇರುತ್ತದೆ. ಆಗ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನು ಬಳಸಿಕೊಳ್ಳುವುದರಿಂದ ಬೆಳೆ ಹಳದಿಗೆ ತಿರುಗಬಹುದು. ಉಳಿದಿರುವ ಅಮೋನಿಯ ಮತ್ತು ಸಾವಯವ ಆಮ್ಲಗಳು ಎಳೆಯ ಬೇರುಗಳಿಗೆ ಹಾನಿಕರ. ಸಸಿಗಳನ್ನು ಕಳೆದುಕೊಂಡ ನರ್ಸರಿಯವರು ಎರಡನೆಯ ಬಾರಿ ಖರೀದಿಗೆ ಬರುವುದಿಲ್ಲ.

ಪಕ್ವತೆಯನ್ನು ಅರಿಯಲು ಘಟಕದಲ್ಲಿಯೇ ಮೂರು ಪರೀಕ್ಷೆಗಳನ್ನು ಮಾಡಬಹುದು.

1. ಉಷ್ಣತೆ: ರಾಶಿಗೆ ಹದವಾಗಿ ನೀರು ಚಿಮುಕಿಸಿ, ತಿರುವಿ ಹಾಕಿ, ಕೆಲವು ದಿನ ನಡುಭಾಗದ ಉಷ್ಣತೆಯನ್ನು ಅಳೆಯಬೇಕು. ಮತ್ತೆ ಬಿಸಿಯೇರಿದರೆ ಕಾರ್ಯ ಮುಗಿದಿಲ್ಲವೆಂದು ತಿಳಿಯಬೇಕು.

2. ವಾಸನೆ: ತೇವವಿರುವ ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಇಡಬೇಕು. ತೆರೆದಾಗ ಮಣ್ಣಿನ ವಾಸನೆ ಬಂದರೆ ಒಳ್ಳೆಯ ಲಕ್ಷಣ; ಹುಳಿ ಅಥವಾ ಅಮೋನಿಯದ ವಾಸನೆ ಬಂದರೆ ಮತ್ತಷ್ಟು ಕಾಲ ಬೇಕು.

3. ಮೊಳಕೆ: ಒಂದು ಭಾಗ ಗೊಬ್ಬರವನ್ನು ಹತ್ತು ಭಾಗ ನೀರಿನಲ್ಲಿ ಕದಡಿ ಸೋಸಬೇಕು. ಆ ನೀರಿನಲ್ಲಿ ಹಾಗೂ ಬರಿಯ ನೀರಿನಲ್ಲಿ ತಲಾ 25 ಮೂಲಂಗಿ ಬೀಜಗಳನ್ನು ಒದ್ದೆ ಕಾಗದದ ಮೇಲೆ ಮೊಳೆಯಿಸಿ, ಮೊಳಕೆಗಳ ಸಂಖ್ಯೆಯನ್ನೂ ಬೇರಿನ ಉದ್ದವನ್ನೂ ಹೋಲಿಸಬೇಕು. ಗೊಬ್ಬರದ ನೀರಿನಲ್ಲಿ ಇವು ಗಣನೀಯವಾಗಿ ಕಡಿಮೆಯಿದ್ದರೆ ಆ ಸರಕನ್ನು ಮಾರಾಟಕ್ಕೆ ಬಿಡಬಾರದು.

ಇವು ಪ್ರಯೋಗಾಲಯದ ವರದಿಗೆ ಬದಲಿಯಲ್ಲ. 1985ರ ರಸಗೊಬ್ಬರ (ನಿಯಂತ್ರಣ) ಆದೇಶದ ವ್ಯಾಪ್ತಿಗೆ ಸಾವಯವ ಗೊಬ್ಬರಗಳನ್ನು 2006ರಲ್ಲಿ ತರಲಾಯಿತು. ನಗರ ಕಾಂಪೋಸ್ಟ್‌ಗೆ ಅದು ವಿಧಿಸಿದ ಮಾನಕಗಳಲ್ಲಿ ಇಂಗಾಲ-ಸಾರಜನಕ ಅನುಪಾತ 20ನ್ನು ಮೀರದಿರುವುದು, ತೇವಾಂಶ ಶೇ. 15ರಿಂದ 25 ಹಾಗೂ ದುರ್ವಾಸನೆ ಇಲ್ಲದಿರುವುದು ಸೇರಿವೆ.

ಲೆಕ್ಕಪತ್ರದ ದೃಷ್ಟಿಯಿಂದಲೂ ಈ ವಿಷಯ ಮುಖ್ಯವಾದುದು. ಮಾಗುತ್ತಿರುವ ರಾಶಿಯಿಂದ ಇಂಗಾಲವು ಅನಿಲರೂಪದಲ್ಲಿಯೂ ನೀರು ಆವಿಯಾಗಿಯೂ ಹೊರಹೋಗುವುದರಿಂದ ತೂಕ ಇಳಿಯುತ್ತಲೇ ಇರುತ್ತದೆ. ಮಾರ್ಚ್ 31ರಂದು ಅಂತಹ ರಾಶಿಯನ್ನು ಸಿದ್ಧ ಸರಕೆಂದು ತೂಗಿ ಬರೆದರೆ, ಇಲ್ಲದ ದಾಸ್ತಾನನ್ನೂ ಇಲ್ಲದ ಲಾಭವನ್ನೂ ತೋರಿಸಿದಂತಾಗುತ್ತದೆ. ಪ್ರತಿಯೊಂದು ರಾಶಿಗೂ ಸಂಖ್ಯೆ ನೀಡಿ, ಆರಂಭದ ದಿನಾಂಕ, ತಿರುವಿದ ದಿನಗಳು ಹಾಗೂ ಪರೀಕ್ಷೆಯ ಫಲಿತಾಂಶವನ್ನು ಒಂದು ಪುಸ್ತಕದಲ್ಲಿ ದಾಖಲಿಸುವುದು ಸೂಕ್ತ. ಪರೀಕ್ಷೆಯಲ್ಲಿ ತೇರ್ಗಡೆಯಾದ ನಂತರವೇ ರಾಶಿಯನ್ನು ತಯಾರಿಕೆಯ ಹಂತದ ಸರಕಿನಿಂದ ಸಿದ್ಧ ಸರಕಿಗೆ ವರ್ಗಾಯಿಸತಕ್ಕದ್ದು.